ಸೀಬೆ ಮರದ ಹುಳ ನಾನೇ ಸಾಕಿದ್ದು

ತುಮಕೂರಿನ ನಮ್ಮ ಮನೆ ಹಿತ್ತಲಲ್ಲಿ ಇರುವುದು ಒಂದೇ ಸೀಬೆ ಮರ. ಮಳೆಗಾಲ ಬಂತೆಂದರೆ ಕೊಂಬೆ ಬಾಗುವಷ್ಟು ಕಾಯಿ. ಆದರೂ ಎರಡು ವರ್ಷ ಒಂದು ಹಣ್ಣನ್ನೂ ನೆಮ್ಮದಿಯಾಗಿ ತಿನ್ನಲಿಲ್ಲ. ಹೊರಗೆ ಸೂಜಿ ಚುಚ್ಚಿದಂಥ ಒಂದು ಚುಕ್ಕೆ, ಅಷ್ಟೇ. ಹೆಚ್ಚಿದರೆ ಒಳಗೆ ಬಿಳಿ ಹುಳ. ಒಂದನ್ನು ತಟ್ಟೆಯಲ್ಲಿಟ್ಟೆ. ತಲೆ, ಬಾಲ ಸೇರಿಸಿ ಬಳೆಯ ಹಾಗೆ ಬಾಗಿದ್ದೇ ಟಪಕ್ಕನೆ ಆಚೆ ನೆಗೆಯಿತು! ಅವತ್ತಿನಿಂದ ನಮ್ಮತ್ತೆ ಸೀಬೆ ಹಣ್ಣು ಮುಟ್ಟಲಿಲ್ಲ.

ಹಣ್ಣಿನ ನೊಣದ ಮರಿ ಅದು. ಮೊದಲು ಬೇವಿನೆಣ್ಣೆ ಹೊಡೆದೆ. ಆಗಲೇ ನೊಣದ ಮೊಟ್ಟೆ ಕಾಯಿಯ ಸಿಪ್ಪೆಯೊಳಗೆ ಸೇರಿತ್ತು, ಏನೂ ಉಪಯೋಗವಾಗಲಿಲ್ಲ. ಆಮೇಲೆ ವಾಸನೆಯಿಂದ ನೊಣ ಸೆಳೆಯುವ ಮೀಥೈಲ್ ಯುಜಿನಾಲ್‌ ಅನ್ನೋ ದ್ರವದಲ್ಲಿ ನೆನೆಸಿದ ಮರದ ತುಂಡಿರುವ ಟ್ರ್ಯಾಪ್ ತಂದು ಕಟ್ಟಿದೆ. ನಾಲ್ಕೇ ದಿನಕ್ಕೆ ಡಬ್ಬಿ ತುಂಬಾ ನೊಣ. ಕಣಜದ ಹಾಗೆ ಸಣ್ಣ ಸೊಂಟ, ಹಳದಿ ಗೆರೆ. ಬೀದಿಯವರಿಗೆಲ್ಲ ತೋರಿಸಿ ಬಂದೆ. ಆದರೆ ಹಣ್ಣಲ್ಲಿ ಹುಳ ಹಾಗೇ ಇತ್ತು.

ಸುಮ್ನೆ ಒಂದು ದಿನ ಸತ್ತ ನೊಣಗಳನ್ನು ಪೇಪರ್ ಮೇಲೆ ಸುರಿದು ನೋಡಿದೆ. ಮೊಟ್ಟೆ ಚುಚ್ಚುವ ಮೊನೆಬಾಲ ಒಂದಕ್ಕೂ ಇಲ್ಲ. ಎಲ್ಲಾ ಗಂಡು! ಆ ವಾಸನೆಗೆ ಬರುವುದು ಗಂಡುಗಳು ಮಾತ್ರ. ಸುತ್ತಮುತ್ತಲ ತೋಟದವರೆಲ್ಲ ಕಟ್ಟಿದರೆ ಹೆಣ್ಣಿಗೆ ಜೋಡಿ ಸಿಗದೆ ಸಂತತಿ ಇಳಿಯುತ್ತದೆ. ಒಂದೇ ಮರದ ನನಗೆ ಅದರಿಂದ ಏನಾದೀತು? ಪಕ್ಕದ ಮನೆಯಿಂದ ಬಸುರಿ ನೊಣ ಹಾರಿ ಬರುತ್ತದಲ್ವಾ?

ನಿಜವಾದ ತಪ್ಪು ನನ್ನದೇ. ಬಿದ್ದ ಹಣ್ಣನ್ನೆಲ್ಲ ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದೆ. ಹುಳ ಹಣ್ಣಿನಿಂದ ಹೊರಬಂದು ಒಂದೆರಡು ಇಂಚು ಮಣ್ಣಿಗಿಳಿದು ಕೋಶ ಕಟ್ಟುತ್ತದೆ, ಹೆಚ್ಚುಕಮ್ಮಿ ಹತ್ತು ದಿನಕ್ಕೆ ನೊಣವಾಗಿ ಏಳುತ್ತದೆ. ಗುಂಡಿ ಕೆದಕಿದರೆ ಗೋಧಿ ಕಾಳಿನಂಥ ಕಂದು ಕೋಶಗಳು. ಅನ್ನ ಹಾಕಿ ಸಾಕಿದ ಹಾಗಾಗಿತ್ತು.

ಅಲ್ಲಿಂದ ದಿನಾ ಬೆಳಿಗ್ಗೆ ಬಿದ್ದದ್ದನ್ನು ಆರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ತಾರಸಿಯ ಬಿಸಿಲಿಗೆ ಒಂದು ವಾರ ಇಡುತ್ತೇನೆ. ಮರದ ಬುಡ ಆಗಾಗ ಕೆದಕುತ್ತೇನೆ, ಮೈನಾಗಳು ಬಂದು ಕೋಶ ಹೆಕ್ಕುತ್ತವೆ. ಕಾಯಿ ನಿಂಬೆ ಗಾತ್ರ ಇರುವಾಗಲೇ ಚೀಲ ಕಟ್ಟುತ್ತೇನೆ. ಪೇಪರ್ ಚೀಲ ಮಳೆಗೆ ಹರಿಯಿತು. ಸೊಳ್ಳೆಪರದೆಯ ಚೀಲ ಕಾಯಿಗೆ ಅಂಟಿಕೊಂಡು, ನೊಣ ಅದರ ಮೇಲಿಂದಲೇ ಚುಚ್ಚಿತು. ಕೊನೆಗೆ ಮಾವನವರ ಹಳೆ ಪಂಚೆ ಹರಿದು ಸಡಿಲವಾಗಿ ಹೊಲಿದೆ. ಅದೇ ಗಟ್ಟಿ. ಟ್ರ್ಯಾಪನ್ನೂ ಬಿಚ್ಚಿಲ್ಲ, ನೊಣ ಜಾಸ್ತಿಯಾಯಿತೋ ಇಲ್ಲವೋ ಅಂತ ಅದರಲ್ಲೇ ಗೊತ್ತಾಗುತ್ತದೆ.

ಪಕ್ಕದ ಮನೆ ಆಂಟಿ ಹತ್ತಿರ ಅವರ ಮರದಡಿ ಬಿದ್ದದ್ದನ್ನೂ ಕೇಳಿದೆ. "ಕೊಳೆತ ಹಣ್ಣು ನಿಂಗ್ಯಾಕಮ್ಮ, ಒಳ್ಳೇದೇ ಕಿತ್ಕೋ" ಅಂದರು. ಒಳ್ಳೇದು ಅಂದದ್ದನ್ನು ಅವರೆದುರೇ ಹೆಚ್ಚಿ ತೋರಿಸಿದೆ. ಈಗ ಅವರೇ ಕವರಿಗೆ ಕಟ್ಟಿ ಕಾಂಪೌಂಡ್ ಮೇಲಿಡುತ್ತಾರೆ.

ಈ ಸಲ ಕಟ್ಟಿದ ಅರವತ್ತು ಚೀಲದಲ್ಲಿ ಹುಳ ಬಿದ್ದದ್ದು ಐದಾರು. ಹತ್ತನ್ನು ಅಳಿಲು ಹರಿದು ತಿಂದಿತು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.