ಕೇರಿಯ ಹಳೆಯ ಕೊಪೆಲಿನ ಚರಿತ್ರೆ ಕೂಡಿಸುವ ಬಗೆ

ಹಬ್ಬದ ಸ್ಮರಣ ಸಂಚಿಕೆಗೆ ಕೊಪೆಲಿನ (ಚಿಕ್ಕ ಕ್ರೈಸ್ತ ಪ್ರಾರ್ಥನಾಲಯದ) ಚರಿತ್ರೆ ಬರೆಯಲು ಕೂತವರು ಮೊದಲು ಹುಡುಕುವುದು ಒಂದು ಇಸವಿಯನ್ನು. ಕೊಪೆಲಿಗೆ ಒಂದೇ ಇಸವಿ ಇರುವುದಿಲ್ಲ. ಶಿಲುಬೆ ನೆಟ್ಟದ್ದು, ಜಾಗ ಸಿಕ್ಕಿದ್ದು, ಮುಳಿಹುಲ್ಲಿನ ಮಾಡಿನಡಿ ಮೊದಲ ಬಲಿಪೂಜೆ (ಕ್ರೈಸ್ತರ ‘ಮಾಸ್’ ಆರಾಧನೆ) ಆದದ್ದು, ಕಲ್ಲಿನ ಗೋಡೆ ಎದ್ದದ್ದು, ಆಶೀರ್ವಚನ ನಡೆದದ್ದು ಎಲ್ಲವೂ ಬೇರೆ ಬೇರೆ ವರ್ಷ. ದೊಡ್ಡ ಹಾಳೆಯಲ್ಲಿ ಈ ಐದಕ್ಕೆ ಐದು ಸಾಲು ಹಾಕಿ, ಸಿಕ್ಕ ಇಸವಿಯ ಎದುರು ಅದು ಎಲ್ಲಿಂದ ಬಂತೆಂದು ಬರೆಯಿರಿ. ಸಿಗದ ಸಾಲು ಖಾಲಿಯೇ ಇರಲಿ.

ಕೊಪೆಲಿಗೆ ಸಾಮಾನ್ಯವಾಗಿ ಸ್ವಂತ ದಾಖಲೆ ಪುಸ್ತಕಗಳಿರುವುದಿಲ್ಲ. ಜ್ಞಾನಸ್ನಾನ, ಮದುವೆ, ಮರಣ ಎಲ್ಲ ಮೂಲ ಇಗರ್ಜಿಯ, ಅಂದರೆ ಕೊಪೆಲ್ ಯಾವ ಚರ್ಚಿನ ಕೆಳಗೆ ಬರುತ್ತದೋ ಅದರ ಪುಸ್ತಕಕ್ಕೆ ಸೇರುತ್ತವೆ. ಹಾಗಾಗಿ ಯಾವ ಕಾಲಕ್ಕೆ ಯಾವುದು ಮೂಲ ಇಗರ್ಜಿಯಾಗಿತ್ತೆಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಗೊತ್ತುಮಾಡಿಕೊಳ್ಳಬೇಕು. ಕಾಸರಗೋಡಿನ ಬೇಳದ ಶೋಕಮಾತೆಯ ಇಗರ್ಜಿ ಆರಂಭವಾದದ್ದು 1890ರಲ್ಲಿ. ಆ ಆಸುಪಾಸಿನ ಕುಟುಂಬಗಳ ಅದಕ್ಕೂ ಹಿಂದಿನ ನಮೂದು ಬೇಕಿದ್ದರೆ ಆಗಿನ ಮೂಲ ಇಗರ್ಜಿಗೇ ಹೋಗಬೇಕು. ಬೇಳ ಸೇರುವ ಮಂಗಳೂರು ಧರ್ಮಪ್ರಾಂತ್ಯ (ಬಿಷಪರ ಆಡಳಿತ ವ್ಯಾಪ್ತಿ) 1886ರದ್ದು. ಕಾಸರಗೋಡಿನ ಮಲೆನಾಡ ಕಡೆಯ ಸಿರೋ ಮಲಬಾರ್ (ಕೇರಳದ ಸಿರಿಯನ್ ಕ್ಯಾಥೋಲಿಕರ) ಪ್ರಾರ್ಥನಾಲಯಗಳ ದಾರಿಯೇ ಬೇರೆ: ಅವುಗಳ ತಲಶ್ಶೇರಿ ಧರ್ಮಪ್ರಾಂತ್ಯ ಹುಟ್ಟಿದ್ದು 1953ರಲ್ಲಿ.

ನಿಮಗೆ ಬೇಕಾದ ವರ್ಷಗಳನ್ನು ನಮೂದಿಸಿ ಇಗರ್ಜಿಯ ವಿಗಾರರಿಗೆ (ಮುಖ್ಯ ಪಾದ್ರಿಗೆ) ಕಾಗದ ಬರೆದು, ಪುಸ್ತಕಗಳನ್ನು ಅವರ ಕಚೇರಿಯಲ್ಲೇ ಕೂತು ನೋಡಿ. ಪೆನ್ನು ಬೇಡ, ಪೆನ್ಸಿಲ್ ಸಾಕು. ಬದುಕಿರುವವರ ಪುಟಗಳ ಫೋಟೋ ತೆಗೆಯಬೇಡಿ.

ಹಳೆಯ ನಮೂದು ಲ್ಯಾಟಿನ್‌ನಲ್ಲಿರುವುದುಂಟು, ಎಡವುವುದು ತಿಂಗಳಿನಲ್ಲಿ. ‘7ಬ್ರಿಸ್’ ಎಂದಿದ್ದರೆ ಏಳನೆಯ ತಿಂಗಳು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಎಂದರೆ ಏಳು. ಹೆಸರಿನ ಮೊದಲ ಭಾಗಕ್ಕೆ ಅಂಕೆ ಹಾಕಿದ್ದಾರೆ, ಅಷ್ಟೇ. 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, ಎಕ್ಸ್‌ಬ್ರಿಸ್ ಡಿಸೆಂಬರ್. ‘8’ರ ಪಕ್ಕ 7ಬ್ರಿಸ್ ಇದ್ದರೆ ಅದು ಮೊಂತಿ ಫೆಸ್ತಿನ (ಮೇರಿ ಮಾತೆಯ ಜನ್ಮದಿನದ ಹಬ್ಬದ) ದಿನ. ಮದುವೆಯ ನಮೂದಿನಲ್ಲಿ ‘ಸಚೆಲ್ಲೊ’ ಅಥವಾ ‘ಒರತೋರಿಯೊ’ ಎಂಬ ಪದ ಕಂಡರೆ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ: ಮದುವೆ ನಡೆದದ್ದು ಕೊಪೆಲಿನಲ್ಲಿ, ಅಂದರೆ ಆ ದಿನಕ್ಕೆ ಕೊಪೆಲ್ ಇತ್ತು. ಕಲ್ಲಿನ ಮೇಲಿನ ಬರಹಕ್ಕಿಂತ ಇದು ಗಟ್ಟಿ ಸಾಕ್ಷಿ.

ಜಾಗದ ಕಾಗದ ಹುಡುಕಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲು ವಿಲ್ಲೇಜ್ ಆಫೀಸಿನಲ್ಲಿ ಹಳೆಯ ಸರ್ವೆ ನಂಬರ್, ರೀಸರ್ವೆ ನಂಬರ್ ಎರಡನ್ನೂ ಪಡೆಯಿರಿ. ಸಂತರ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗದಿರಬಹುದು. ಜಾಗ ದಾನಿಯ ಹೆಸರಿನಲ್ಲೋ ಬಿಷಪರ ಹೆಸರಿನಲ್ಲೋ ಇದ್ದೀತು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿತ್ತು. ಆಗಿನ ಕನ್ನಡ ಪತ್ರಗಳಲ್ಲಿ ‘ಮೂಲಗೇಣಿ’ ಎಂದಿದ್ದರೆ ಅದು ಕ್ರಯವಲ್ಲ, ಶಾಶ್ವತ ಗೇಣಿ. ಕೊಪೆಲ್ ಹಲವು ದಶಕ ಗೇಣಿ ಜಾಗದಲ್ಲೇ ನಿಂತು, 1970ರಲ್ಲಿ ಜಾರಿಗೆ ಬಂದ ಕೇರಳದ ಭೂಸುಧಾರಣೆಯ ನಂತರ ಪಟ್ಟಯ (ಜಾಗದ ಹಕ್ಕುಪತ್ರ) ಪಡೆದಿರಬಹುದು. ಪಟ್ಟಯದ ತಾರೀಕನ್ನೇ ಜಾಗ ಸಿಕ್ಕ ದಿನವೆಂದು ಬರೆದರೆ ಚರಿತ್ರೆಯ ಅರ್ಧ ಹೋಯಿತು.

ಕಟ್ಟಡವನ್ನು ಕೆಡಿಸದೆ ಓದಿ. ಹೆಂಚಿನ ಅಚ್ಚು ಆ ಹೆಂಚಿನ ವಯಸ್ಸನ್ನು ಹೇಳೀತೇ ಹೊರತು ಗೋಡೆಯದ್ದಲ್ಲ, ಮಾಡು ಎಷ್ಟೋ ಸಲ ಬದಲಾಗಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಅದರ ಅಚ್ಚಿನ ಹೆಂಚು ಅದಕ್ಕಿಂತ ಹಳೆಯದಾಗಿರಲಾರದು. ಗಿಲಾವು ಉದುರಿದ ಕಡೆ ಮುರಕಲ್ಲಿನ ಸಾಲು ನೋಡಿ: ಎರಡು ಗೋಡೆಗಳ ಕಲ್ಲು ಒಂದಕ್ಕೊಂದು ಹೆಣೆದುಕೊಳ್ಳದೆ ಮೇಲಿಂದ ಕೆಳಗೆ ನೇರ ಸಂದು ಬಿಟ್ಟಿದ್ದರೆ ಒಂದು ಭಾಗ ಆಮೇಲೆ ಸೇರಿಸಿದ್ದು. ನೋಡಲೆಂದು ಗಿಲಾವು ಕೀಳಬೇಡಿ. ಸವೆದ ಅಕ್ಷರಕ್ಕೆ ತಂತಿ ಬ್ರಶ್, ಆಸಿಡ್ ಎರಡೂ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರದ ನೆರಳು ಎದ್ದು ಬರುತ್ತದೆ. ಗಂಟೆಯ ಮೇಲಿನ ಇಸವಿಯನ್ನು ಮಾತ್ರ ಪೂರ್ತಿ ನಂಬಬೇಡಿ, ಬೇರೆ ಇಗರ್ಜಿಯಿಂದ ಬಂದ ಗಂಟೆ ಇದ್ದೀತು.

ಹಿರಿಯರನ್ನು, ಹಳೆಯ ಗುರ್ಕಾರರನ್ನು (ಇಗರ್ಜಿಯ ವಾರ್ಡಿನ ಮುಖಂಡರನ್ನು) ಒಬ್ಬೊಬ್ಬರಾಗಿ ಮಾತನಾಡಿಸಿ. ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರ ನೆನಪೇ ಎಲ್ಲರ ನೆನಪಾಗುತ್ತದೆ. ಇಸವಿ ಕೇಳಬೇಡಿ, ಕೇರಳಕ್ಕೆ ಸೇರುವ ಮೊದಲೋ ಆಮೇಲೋ, ನಿಮ್ಮ ಅಜ್ಜಿ ಹೇಳುವಾಗ ರೈಲು ಬಂದಿತ್ತೋ ಎಂದು ಕೇಳಿ. ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ.

ಟಿಪ್ಪು ಕರಾವಳಿಯ ಕ್ರೈಸ್ತರನ್ನು ಹಿಡಿದೊಯ್ದ 1784ರ ಸೆರೆಗಿಂತ ಹಿಂದಿನ ಕೊಪೆಲ್ ಎಂಬ ಮಾತು ಬಂದರೆ ಹೇಳಿಕೆಯೆಂದೇ ದಾಖಲಿಸಿ. ಇಸವಿಗಳು ಹೊಂದದಿದ್ದಾಗ ಒಂದನ್ನು ಅಳಿಸದೆ ಹೀಗೆ ಬರೆಯಿರಿ: “ಬಾಗಿಲ ಮೇಲಿನ ಕಲ್ಲಿನಲ್ಲಿ ಈ ಇಸವಿ ಇದೆ, ಮದುವೆ ಪುಸ್ತಕದ ಈ ಪುಟದಲ್ಲಿ ಅದಕ್ಕೂ ಮೊದಲೇ ಕೊಪೆಲಿನ ಹೆಸರು ಬಂದಿದೆ.”