ಆರುನೂರು ಅಡಿಟಿಪ್ಪಣಿಗಳ ಪುಸ್ತಕವನ್ನು ಲೇಟೆಕ್‌ನಲ್ಲಿ ಕಟ್ಟಿದ್ದು: ನನ್ನ ಅನುಭವ

ಕಳೆದ ತಿಂಗಳು ಶಾಸನಗಳ ಅಧ್ಯಯನದ ಒಂದು ಪುಸ್ತಕ ಅಚ್ಚಾಗಿ ಕೈಗೆ ಬಂತು. ಡೆಮಿ 1/8 ಅಳತೆ, 496 ಪುಟ, ಅಡಿಟಿಪ್ಪಣಿಗಳೇ ಆರುನೂರರ ಮೇಲೆ. ಮೊದಲ ಪುಟದಿಂದ ಕೊನೆಯವರೆಗೆ, ಆಜ್ಞೆಗಳನ್ನು ಬರೆದು ಪುಟ ಕಟ್ಟಿಸುವ ಲೇಟೆಕ್ ತಂತ್ರಾಂಶದ, ಕನ್ನಡದಂಥ ಲಿಪಿಗಳನ್ನೂ ಬಲ್ಲ ರೂಪವಾದ ಜೀಲೇಟೆಕ್‌ನಲ್ಲೇ ಕಟ್ಟಿದ್ದೇನೆ. ‘ಅದು ಗಣಿತದ ಮೇಷ್ಟ್ರುಗಳ ಸಾಮಾನು, ಕನ್ನಡಕ್ಕೆ ಆಗಿಬರುವುದಿಲ್ಲ’ ಎಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ.

ಇದೇ ಲೇಖಕರ ಹಿಂದಿನ ಪುಸ್ತಕವನ್ನು ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಮಾಡಿ ಕೈ ಸುಟ್ಟುಕೊಂಡಿದ್ದೆ. ಅದರಲ್ಲಿ ಅಡಿಟಿಪ್ಪಣಿಯ ಸೌಲಭ್ಯವೇ ಇಲ್ಲ. ಒಂದೊಂದನ್ನೂ ಬೇರೆ ಬ್ಲಾಕ್ ಮಾಡಿ, ಗೆರೆ ಎಳೆದು, ಪುಟದ ಬುಡದಲ್ಲಿ ಕೂರಿಸಬೇಕು. ಎರಡನೇ ಕರಡಿನಲ್ಲಿ ಲೇಖಕರು ಎಂಟು ಸಾಲು ಸೇರಿಸಿದರು, ಅಧ್ಯಾಯದ ಟಿಪ್ಪಣಿಗಳೆಲ್ಲ ಪುಟ ತಪ್ಪಿದವು. ಎಲ್ಲವನ್ನೂ ಸರಿಪಡಿಸಿದೆ ಎಂದುಕೊಂಡಿದ್ದರೂ ಒಂದು ಟಿಪ್ಪಣಿ ಹಿಂದಿನ ಪುಟದಲ್ಲೇ ಉಳಿದಿತ್ತು. ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಹದಿನಾರು ಪುಟ) ಪೂರ್ತಿ ಮತ್ತೆ ಅಚ್ಚು ಹಾಕಿಸಬೇಕಾಯಿತು. ಪುಟಕ್ಕೆ ಅರವತ್ತು ರೂಪಾಯಿ ಕೂಲಿಯ ಕೆಲಸದಲ್ಲಿ ಒಂಬತ್ತು ಸಾವಿರದಷ್ಟು ನನ್ನ ಜೇಬಿನಿಂದಲೇ ಹೋಯಿತು.

ಲೇಟೆಕ್‌ಗೆ ಬಂದ ಮೇಲೂ ಮೊದಲ ಎರಡು ತಿಂಗಳು ಸೋಲೇ. ಲೇಖಕರು ಕೊಟ್ಟದ್ದು ನುಡಿ ತಂತ್ರಾಂಶದ ಹಳೆಯ ಆನ್ಸಿ ಸಂಕೇತಗಳ ಫೈಲು. ಅದನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತಗಳಿಗೆ ತರಬೇಕಿತ್ತು. ನಾನು ಬರೆದ ಪರಿವರ್ತಕ ಅರ್ಕಾವತ್ತನ್ನು ಹಿಂದಿನ ಅಕ್ಷರಕ್ಕಿಂತ ಮುಂಚೆ ತಾರದೆ ಇದ್ದಲ್ಲೇ ಬಿಟ್ಟು ‘ಕರ್ನಾಟಕ’ವನ್ನು ‘ಕನಾರ್ಟಕ’, ‘ಧರ್ಮ’ವನ್ನು ‘ಧಮರ್’ ಮಾಡಿತು. ಅದನ್ನು ಸರಿಮಾಡಿದರೆ ಒತ್ತಕ್ಷರದ ಮೇಲಿನ ಅರ್ಕಾವತ್ತು ಕೆಟ್ಟಿತು. ಬದಲಾವಣೆಗಳನ್ನು ಯಾವ ಕ್ರಮದಲ್ಲಿ ಓಡಿಸಬೇಕು ಎಂಬುದರಲ್ಲೇ ಗುಟ್ಟಿದೆ. ಆ ಕ್ರಮ ನನ್ನ ಹೊಟ್ಟೆಪಾಡಿನದು, ಇಲ್ಲಿ ಬರೆಯುವುದಿಲ್ಲ.

ಆಮೇಲೆ ಸಾಲುಗಳ ಅಂತರ. ಅಕ್ಷರ ಹನ್ನೊಂದೂವರೆ ಪಾಯಿಂಟ್, ಸಾಲಿನಿಂದ ಸಾಲಿಗೆ ಹದಿನೇಳು. ‘ಸ್ತ್ರೀ’, ‘ರಾಷ್ಟ್ರಕೂಟ’ ಬಂದ ಸಾಲಿನ ಕೆಳಗೆ ಮಾತ್ರ ಜಾಗ ಹಿಗ್ಗುತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಹಿಂದುಮುಂದಿನ ಪುಟಗಳ ಸಾಲು ಒಂದರ ಮೇಲೊಂದು ಕೂರುತ್ತಿರಲಿಲ್ಲ. ಮೂರು ವಾರ ಫಾಂಟನ್ನೇ ದೂರಿದೆ. ನಿಜವಾಗಿ ಒತ್ತಿನ ಆಳ ನೋಡಿ, ಲೇಟೆಕ್ ಒಳಗಿನ ಮೂಲ ತಂತ್ರಾಂಶವಾದ ಟೆಕ್ ತಾನೇ ಸಾಲನ್ನು ಕೆಳಗೆ ತಳ್ಳುತ್ತಿತ್ತು. ಸಾಲುಗಳು ಎಷ್ಟು ಹತ್ತಿರ ಬಂದರೆ ಹೀಗೆ ತಳ್ಳಬೇಕೆಂದು ಹೇಳುವ ಲೈನ್‌ಸ್ಕಿಪ್‌ಲಿಮಿಟ್‌ಗೆ ದೊಡ್ಡದೊಂದು ಋಣ ಸಂಖ್ಯೆ ಕೊಟ್ಟೆ, ಸಾಲುಗಳು ದಾರ ಹಿಡಿದಂತೆ ನಿಂತವು.

ನಮ್ಮ ಪದಗಳು ಉದ್ದ, ಡೆಮಿಯ ಸಾಲು ಗಿಡ್ಡ. ಪದ ಒಡೆಯದಿದ್ದರೆ ಸಾಲಿನ ನಡುವೆ ಹೊಂಡಗಳು ಬೀಳುತ್ತವೆ. ಒಡೆಯಲು ಬಿಟ್ಟರೆ ‘ಹೇಳಿದ’ ಈ ಸಾಲಿನಲ್ಲಿ ನಿಂತು, ‘ನು’ ಒಂದೇ ಮುಂದಿನ ಸಾಲಿಗೆ ಹೋಗುತ್ತದೆ. ಬಲಬದಿಯ ಕನಿಷ್ಠ ಮಿತಿಯನ್ನು, ಅಂದರೆ ಮುಂದಿನ ಸಾಲಿಗೆ ಹೋಗುವ ತುಂಡಿನ ಕನಿಷ್ಠ ಉದ್ದವನ್ನು, ನಾಲ್ಕಕ್ಕೆ ಏರಿಸಿದೆ. ಟೆಕ್ ಇಲ್ಲಿ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಅದರ ಲೆಕ್ಕದಲ್ಲಿ ‘ನು’ ಎಂದರೆ ಎರಡು. ಪದಗಳ ನಡುವಿನ ಜಾಗ ಎಷ್ಟು ಹಿಗ್ಗಬಹುದು ಎಂಬ ಅಂಕಿಯನ್ನೂ ಹೇಳುವುದಿಲ್ಲ, ಅದಕ್ಕೆ ನಲವತ್ತು ಬಾರಿಯಾದರೂ ಪುಟ ತೆಗೆದು ನೋಡಿದ್ದೇನೆ.

ಕೈಚಳಕ ಬೇಡವೇ? ಬೇಕು, ಆದರೆ ಕೊನೆಗೆ. ಮೊದಲ ಕರಡಿನಲ್ಲೇ ಅಲ್ಲಲ್ಲಿ ಲೂಸ್‌ನೆಸ್ ಎಂಬ ಆಜ್ಞೆ ಹಾಕಿ ಪ್ಯಾರಾಗಳನ್ನು ಒಂದೊಂದು ಸಾಲು ಕುಗ್ಗಿಸಿದ್ದೆ. ತಿದ್ದುಪಡಿ ಬಂದಾಗ ಅವೇ ಪುಟಗಳನ್ನು ಕೆಡಿಸಿದವು. ಈಗ ಮೂರನೇ ಕರಡು ಒಪ್ಪಿಗೆಯಾಗುವವರೆಗೆ ಒಂದು ಪುಟವನ್ನೂ ಮುಟ್ಟುವುದಿಲ್ಲ. ಈ ಪುಸ್ತಕದಲ್ಲಿ ಕೈ ಹಾಕಿದ್ದು ಹನ್ನೊಂದು ಕಡೆ ಮಾತ್ರ.

ನಡುವೆ ಹುಮ್ಮಸ್ಸಿನಲ್ಲಿ ನಮ್ಮ ಮನೆಯದೇ ಒಂದು ಲಗ್ನಪತ್ರಿಕೆಯನ್ನೂ ಲೇಟೆಕ್‌ನಲ್ಲಿ ಮಾಡಿ ನೋಡಿದೆ. ಗಣಪತಿಯ ಚಿತ್ರವನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಲು ಅರ್ಧ ದಿನ ಹೋಯಿತು. ಪತ್ರಿಕೆಗೆ ಚಿತ್ರವಿನ್ಯಾಸದ ತಂತ್ರಾಂಶವಾದ ಕೋರಲ್‌ಡ್ರಾ ಬಿಟ್ಟು ಬೇರೆ ದಾರಿಯಿಲ್ಲ. 

ಅಚ್ಚಿಗೆ ಹೋಗುವ ಹಿಂದಿನ ದಿನ ಲೇಖಕರು ಬಂದು, ‘ವಯಸ್ಸಾದವರು ಓದುವ ಪುಸ್ತಕ, ಅಕ್ಷರ ಇನ್ನೂ ಅರ್ಧ ಪಾಯಿಂಟ್ ದೊಡ್ಡದಾದೀತೇ?’ ಎಂದರು. ಪೇಜ್‌ಮೇಕರ್ ಆಗಿದ್ದರೆ ಎದ್ದುಹೋಗುತ್ತಿದ್ದೆ. ಒಂದು ಅಂಕಿ ಬದಲಿಸಿ ಮೂರು ಬಾರಿ ಓಡಿಸಿದೆ. 478 ಇದ್ದದ್ದು 496 ಪುಟವಾಯಿತು, ಸರಿಯಾಗಿ 31 ಫಾರಂ. ಟಿಪ್ಪಣಿಗಳೆಲ್ಲ ತಮ್ಮ ತಮ್ಮ ಪುಟದಲ್ಲೇ ಇದ್ದವು. ಆ ಹನ್ನೊಂದು ಕಡೆ ಮಾತ್ರ ಮತ್ತೆ ಕೈಯಾಡಿಸಬೇಕಾಯಿತು. ಲೇಖಕರು ಎರಡನೇ ಲೋಟ ಕಾಫಿ ಮುಗಿಸುವುದರೊಳಗೆ ಪಿಡಿಎಫ್ ಪ್ರೆಸ್ಸಿಗೆ ಹೋಗಿತ್ತು.