ಡ್ರಿಲ್ ಮುಟ್ಟದೆ ಹುಳುಕು ನಿಲ್ಲಿಸಿದೆ: ಕುಷ್ಟಗಿ ಕಡೆಯ ನನ್ನ ಅನುಭವ

ಈ ಉಗಾದಿಗೆ ಒಬ್ಬ ಹುಡುಗ ಬಂದಿದ್ದ. ನಾಲ್ಕು ವರ್ಷದವನಿದ್ದಾಗ ಅವನ ಮೂರು ದವಡೆ ಹಲ್ಲಿಗೆ ಎಸ್‌ಡಿಎಫ್ (ಸಿಲ್ವರ್ ಡೈಅಮೈನ್ ಫ್ಲೋರೈಡ್, ಹುಳುಕನ್ನು ನಿಲ್ಲಿಸಿ ಆ ಜಾಗವನ್ನು ಕಪ್ಪಾಗಿಸುವ ದ್ರಾವಣ) ಹಚ್ಚಿದ್ದೆ. ಈಗ ಅವನಿಗೆ ಏಳು. ಗೀರಿ ನೋಡಿದೆ, ಮೂರೂ ಕಲ್ಲಿನ ಹಾಗೆ ಗಟ್ಟಿ. "ಮಸಿ ಬಳಿದು ದುಡ್ಡು ಇಸ್ಕೊಂತೀಯಲ್ಲ" ಅಂದಿದ್ದ ಸೀನಿಯರ್ ಒಬ್ಬರಿಗೆ ಫೋಟೊ ಕಳಿಸಿದೆ. ಈಗ ಅವರೇ ತಮ್ಮ ಕಡೆಯ ಸಣ್ಣ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಾರೆ.

38 ಪರ್ಸೆಂಟಿನ ಈ ದ್ರಾವಣ ಹೊಸದೇನಲ್ಲ. ಜಪಾನಿನಲ್ಲಿ 1970ರ ಸುಮಾರಿಗೇ ಬಳಕೆಯಲ್ಲಿತ್ತು, 2021ರಲ್ಲಿ ಡಬ್ಲ್ಯುಎಚ್‌ಒ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿತು. ಹಚ್ಚೋದು ಹಲ್ಲಿನ ಡಾಕ್ಟರಾದ ನಿಮಗೆಲ್ಲ ಗೊತ್ತು. ನಾನು ಎಡವಿದ ಕಡೆ ಹೇಳುತ್ತೇನೆ.

ಮೊದಲ ಮಗುವಿಗೆ ಮುಂದಿನ ನಾಲ್ಕು ಹಲ್ಲಿಗೆ ಹಚ್ಚಿದೆ. ಕಪ್ಪಾಗುತ್ತೆ ಅಂತ ಬಾಯಲ್ಲಿ ಹೇಳಿದ್ದೆ, ಎಷ್ಟು ಕಪ್ಪು ಅಂತ ತೋರಿಸಿರಲಿಲ್ಲ. ಮಾರನೇ ದಿನ ತಾಯಿ ಅಳುತ್ತಾ ಬಂದಳು. "ಸರ, ಕೂಸಿನ ಹಲ್ಲು ಇದ್ದಿಲಿನಂಗ ಆಗ್ಯಾವಲ್ರೀ, ಮಂದಿ ಏನಂದಾರು?" ದುಡ್ಡು ವಾಪಸ್ ಕೊಟ್ಟು, ಮೇಲೆ ಜಿಐಸಿ (ಹಲ್ಲಿನ ಬಣ್ಣದ ಸಿಮೆಂಟು) ಹಾಕಿ ಮುಚ್ಚಿದೆ. ಅಂದಿನಿಂದ ಮೊದಲು ಫೋಟೊ, ಆಮೇಲೆ ಸಹಿ, ಆಮೇಲೆ ಬಾಟ್ಲಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆಳವಾದ ಗುಳಿಗೆ, ಹುಳುಕು ನರ ಮುಟ್ಟಿದೆಯೇ ಅಂತ ಎಕ್ಸ್-ರೇ ತೆಗೆದು ನೋಡದೆ, ಇದನ್ನೇ ಹಚ್ಚಿದೆ. ಹತ್ತು ದಿನಕ್ಕೆ ಆ ಮಗುವಿನ ಕೆನ್ನೆ ಊದಿತು, ಹಲ್ಲು ಕೀಳಬೇಕಾಯಿತು. ರಾತ್ರಿ ನೋವು ಇದ್ದರೆ, ಒಸಡಿನ ಮೇಲೆ ಗುಳ್ಳೆ ಇದ್ದರೆ ಇದರ ಹತ್ತಿರ ಹೋಗಲೇಬೇಡಿ.

ಕಪ್ಪು ತಡೆಯಲು ಮೇಲೆ ಪೊಟ್ಯಾಸಿಯಮ್ ಅಯೋಡೈಡ್ ಹಚ್ಚಿಯೂ ನೋಡಿದೆ, ಆರೇಳು ಮಕ್ಕಳಿಗೆ. ಆ ಕ್ಷಣಕ್ಕೆ ಬಿಳಿ, ಕೆಲವು ತಿಂಗಳಿಗೆ ಮತ್ತೆ ಕಂದು. ಬಿಟ್ಟುಬಿಟ್ಟೆ.

ನಮ್ಮ ಕಡೆ ಎಲ್ಲರೂ ಕೇಳೋದು ಒಂದೇ: ಬೋರ್ ನೀರಲ್ಲೇ ಫ್ಲೋರೈಡ್ ಜಾಸ್ತಿ, ನೀನು ಮತ್ತೆ ಫ್ಲೋರೈಡ್ ಹಚ್ತೀಯಲ್ಲ? ಲೆಕ್ಕ ಹಾಕಿ ನೋಡಿ. ಒಂದು ಹನಿಯಲ್ಲಿ ಹೆಚ್ಚೆಂದರೆ ಸುಮಾರು 2 ಮಿಲಿಗ್ರಾಂ, ಅದರಲ್ಲೇ ಐದು ಹಲ್ಲು ಮುಗಿಯುತ್ತವೆ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಮಗು ಒಂದು ಲೀಟರ್ ಕುಡಿದರೂ ಅಷ್ಟೇ ಆಯಿತಲ್ವಾ? ಅದು ದಿನಾ ಹೊಟ್ಟೆಗೆ ಹೋಗುವಂಥದ್ದು, ಇದು ವರ್ಷಕ್ಕೆ ಎರಡು ಸಲ.

ಆ ಎರಡು ಸಲವೇ ನನ್ನನ್ನು ವರ್ಷಗಟ್ಟಲೆ ಸತಾಯಿಸಿತು. ಒಮ್ಮೆ ಹಚ್ಚಿಸಿಕೊಂಡು ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ, ಬೆಂಗಳೂರು, ಗೋವಾ, ಮಂಗಳೂರು. ಆರು ತಿಂಗಳಿಗೆ ಬನ್ನಿ ಅಂತ ಚೀಟಿ ಕೊಟ್ಟರೆ ಹತ್ತರಲ್ಲಿ ಇಬ್ಬರೋ ಮೂವರೋ ಬರುತ್ತಿದ್ದರು. ಮೊದಲ ವರ್ಷ ಅರ್ಧಕ್ಕರ್ಧ ಹಲ್ಲು ಮತ್ತೆ ಮೆತ್ತಗಾಗಿದ್ದಕ್ಕೆ ಇದೇ ಕಾರಣ, ಔಷಧಿ ಅಲ್ಲ. ಆಮೇಲೆ ತಾರೀಖು ಬರೆಯೋದೇ ನಿಲ್ಲಿಸಿದೆ. ಉಗಾದಿಗೆ ಒಂದು, ದೀಪಾವಳಿಗೆ ಒಂದು, ಅಷ್ಟೇ. ಹಬ್ಬಕ್ಕೆ ಊರಿಗೆ ಬಂದೇ ಬರುತ್ತಾರೆ. ಹಬ್ಬದ ವಾರ ಕ್ಲಿನಿಕ್ ರಾತ್ರಿ ಒಂಬತ್ತರವರೆಗೆ ತೆರೆದಿಡುತ್ತೇನೆ. ಈಗ ಹತ್ತರಲ್ಲಿ ಏಳು ಮಕ್ಕಳು ಬರುತ್ತಾರೆ, ನೆನಪಿನಿಂದ ಹೇಳುತ್ತಿದ್ದೇನೆ.

ದುಡ್ಡಿನ ವಿಷಯ. ನಾನು ತರಿಸುವ ಬಾಟ್ಲಿಗೆ ಸಾವಿರದ ಮೇಲೆ ಬೀಳುತ್ತೆ, ತಿಂಗಳುಗಟ್ಟಲೆ ಬರುತ್ತೆ. ಒಂದು ಸಲಕ್ಕೆ 200 ರೂಪಾಯಿ ತಗೊಳ್ಳುತ್ತೇನೆ, ಎಷ್ಟೇ ಹಲ್ಲಿರಲಿ. ಎರಡನೇ ಸಲ 100. ಮೊದಲ ವರ್ಷ ಕೈಯಿಂದ ಏಳೆಂಟು ಸಾವಿರ ಹೋಯಿತು, ಅದರಲ್ಲಿ ದ್ರಾವಣ ಬಿದ್ದು ಕಲೆಯಾದ ಅಂಗಿಗಳ ದುಡ್ಡೂ ಸೇರಿದೆ. ಈಗ ಇದರಿಂದ ಬರೋದು ಕಡಿಮೆಯೇ, ಆದರೆ ಅದೇ ಮನೆಯ ಅಜ್ಜಿಯ ಹಲ್ಲಿನ ಸೆಟ್ಟು, ಅಪ್ಪನ ರೂಟ್ ಕೆನಾಲ್ ಎಲ್ಲ ನನ್ನ ಹತ್ತಿರವೇ ಬರುತ್ತವೆ.

ಎರಡು ಹಲ್ಲಿನ ನಡುವೆ ಹುಳುಕಿದ್ದರೆ ಹಾಲ್ ಕ್ರೌನ್ (ಹಲ್ಲನ್ನು ಕೊರೆಯದೆ ಮೇಲೆ ಕೂರಿಸುವ ಲೋಹದ ಟೋಪಿ) ಕೂರಿಸುತ್ತೇನೆ, ಸೂಜಿಯೂ ಬೇಡ. ಕಚ್ಚಿದಾಗ ಆ ಹಲ್ಲು ಎತ್ತರವಾಯಿತು ಅಂತ ಹೆದರಬೇಡಿ, ಕೆಲವೇ ವಾರಕ್ಕೆ ಕೂರುತ್ತೆ. ಕ್ರೌನ್‌ಗೆ ಜಾಗ ಮಾಡಲು ಹಲ್ಲುಗಳ ನಡುವೆ ಹಾಕುವ ರಬ್ಬರ್ ಉಂಗುರ, ಸೆಪರೇಟರ್‌ಗೆ ಮಾತ್ರ ಅಳುವ ಮಕ್ಕಳಿದ್ದಾರೆ. ಮೂರು ವರ್ಷದ ಮಗುವನ್ನು ಒಂದು ನಿಮಿಷ ಬಾಯಿ ತೆರೆಸಿ ಹೇಗೆ ಕೂರಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಕ್ಲಿನಿಕ್‌ಗೆ ಬಂದವರಿಗೆ ತೋರಿಸುತ್ತೇನೆ.

ಅತ್ತುಕೊಂಡು ಬಂದಿದ್ದ ಆ ತಾಯಿ ಕಳೆದ ದೀಪಾವಳಿಗೆ ಎರಡನೇ ಮಗುವನ್ನು ಕರಕೊಂಡು ಬಂದಿದ್ದಳು. ಫೋಟೊ ತೋರಿಸಲು ಹೋದೆ. "ಬ್ಯಾಡ್ರೀ ಸರ, ಗೊತ್ತೈತಿ, ಹಚ್ರಿ" ಅಂದಳು.